ದೊಡ್ಡ ಡಿಸ್ಕ್ ಇಮೇಜ್‌ಗಳ ಚೆಕ್‌ಸಮ್: ಪದೇ ಪದೇ ಕೇಳುವ ಪ್ರಶ್ನೆಗಳು

ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯದ ಕಡೆಗಳಲ್ಲಿ ಹಳೆಯ ಹಾರ್ಡ್ ಡಿಸ್ಕ್‌ಗಳನ್ನು ಪೂರ್ತಿಯಾಗಿ ಇಮೇಜ್ ಮಾಡಿ (ಅಂದರೆ ಡಿಸ್ಕಿನಲ್ಲಿರುವುದನ್ನೆಲ್ಲ ಬೈಟಿಗೆ ಬೈಟ್ ಒಂದು ಕಡತಕ್ಕೆ ನಕಲಿಸಿ) ಉಳಿಸಿಕೊಳ್ಳುವವರಿಗಾಗಿ ಈ ಪುಟ. ತಾಳಮದ್ದಳೆಯ ಧ್ವನಿಮುದ್ರಣ ಕೂಡಿಟ್ಟವರು, ಮದುವೆ ವಿಡಿಯೊ ಮಾಡುವ ಸ್ಟುಡಿಯೊದವರು, ಕನ್ನಡ ಮಾಧ್ಯಮ ಶಾಲೆಗಳಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವ ಅಧ್ಯಾಪಕರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಚೆಕ್‌ಸಮ್ ಅಥವಾ ಹ್ಯಾಶ್ ಎಂದರೆ ಕಡತದ ಎಲ್ಲ ಬೈಟ್‌ಗಳಿಂದ ಲೆಕ್ಕ ಹಾಕಿದ ಒಂದು ಚಿಕ್ಕ ಗುರುತು; ಕಡತ ಬದಲಾದರೆ ಅದೂ ಬದಲಾಗುತ್ತದೆ. ಮುಂದಿನ ಎಲ್ಲ ಉತ್ತರಗಳ ಹಿಂದೆ ಒಂದೇ ವಿಚಾರವಿದೆ: ದೊಡ್ಡ ಕಡತದ ಚೆಕ್‌ಸಮ್ ಹಾಕುವಾಗ ಹೆಚ್ಚಿನ ಹೊತ್ತು ಹೋಗುವುದು ಗಣಿತಕ್ಕಲ್ಲ, ಡಿಸ್ಕನ್ನು ಓದುವುದಕ್ಕೆ. ಆದ್ದರಿಂದ ಓದುವ ಸಲ ಕಡಿಮೆ ಮಾಡಬೇಕು, ಓದಿದಾಗಲೆಲ್ಲ ಪೂರ್ತಿ ಪ್ರಯೋಜನ ಪಡೆಯಬೇಕು.

ಕಡತದ ಗಾತ್ರ ಸರಿಯಾಗಿದೆ, ತೆರೆಯುತ್ತದೆ ಕೂಡ. ಚೆಕ್‌ಸಮ್ ಏಕೆ ಬೇಕು?

ಗಾತ್ರ ಸರಿಯಿದ್ದ ಮಾತ್ರಕ್ಕೆ ಒಳಗಿರುವುದು ಸರಿಯಿದೆ ಎಂದಾಗುವುದಿಲ್ಲ. 500 ಜಿಬಿಯ ಇಮೇಜ್‌ನಲ್ಲಿ ಒಂದು ಬಿಟ್ ಮಗುಚಿ ಬಿದ್ದರೂ ಗಾತ್ರ ಅಷ್ಟೇ ಇರುತ್ತದೆ. ಆ ಬಿಟ್ ಖಾಲಿ ಜಾಗದಲ್ಲಿದ್ದರೆ ಯಾರಿಗೂ ತಿಳಿಯದು. ಕಡತವ್ಯವಸ್ಥೆಯ ಪಟ್ಟಿಯಲ್ಲಿದ್ದರೆ ಒಂದು ಫೋಲ್ಡರ್ ಪೂರ್ತಿ ಕಾಣೆಯಾಗಬಹುದು. ಕಡತ ತೆರೆಯಿತು ಎಂದರೆ ಅದರ ತಲೆಭಾಗ ಸರಿಯಿದೆ ಎಂದಷ್ಟೇ ಅರ್ಥ. ಎರಡು ಗಂಟೆಯ ಧ್ವನಿಮುದ್ರಣದ ನಡುವೆ ಅರ್ಥಧಾರಿಯ ಮಾತು ಕಡಿದುಹೋಗಿದ್ದರೆ, ಅದನ್ನು ಕೂತು ಕೇಳುವವರೆಗೆ ಗೊತ್ತಾಗುವುದಿಲ್ಲ.

500 ಜಿಬಿ ಇಮೇಜ್‌ಗೆ ಎಷ್ಟು ಹೊತ್ತು ಹಿಡಿಯುತ್ತದೆ?

ಗಾತ್ರವನ್ನು ಓದುವ ವೇಗದಿಂದ ಭಾಗಿಸಿ. ಯುಎಸ್‌ಬಿ 2.0 ಪೋರ್ಟಿನಲ್ಲಿ ಕೈಗೆ ಸಿಗುವುದು ಸೆಕೆಂಡಿಗೆ ಸುಮಾರು 35 ಎಂಬಿ. 500 ಜಿಬಿಗೆ ಹತ್ತಿರಹತ್ತಿರ 4 ಗಂಟೆ. ಯುಎಸ್‌ಬಿ 3 ಪೋರ್ಟಿಗೆ ಚುಚ್ಚಿದ ತಿರುಗುವ ಹಾರ್ಡ್ ಡಿಸ್ಕ್ ಸೆಕೆಂಡಿಗೆ 100 ಎಂಬಿ ಕೊಟ್ಟರೆ ಸುಮಾರು 1 ಗಂಟೆ 23 ನಿಮಿಷ. ಸಾಟಾ ಎಸ್‌ಎಸ್‌ಡಿ 500 ಎಂಬಿ ಕೊಟ್ಟರೆ 17 ನಿಮಿಷ.

ಯಾವುದೇ ಹೊಸ ತಂತ್ರಾಂಶ ಹುಡುಕುವ ಮೊದಲು ಡಿಸ್ಕ್ ಯಾವ ಪೋರ್ಟಿನಲ್ಲಿದೆ ಎಂದು ನೋಡಿ. ಪೋರ್ಟ್ ಬದಲಿಸುವುದರಿಂದ ಸಿಗುವ ವೇಗ ಅಲ್ಗಾರಿದಮ್ (ಚೆಕ್‌ಸಮ್ ಲೆಕ್ಕ ಹಾಕುವ ವಿಧಾನ) ಬದಲಿಸುವುದರಿಂದ ಬಹಳ ಸಲ ಸಿಗುವುದಿಲ್ಲ. ತಿರುಗುವ ಡಿಸ್ಕಿನಲ್ಲಿ ಹೊರವಲಯದ ಪಥಗಳು ವೇಗವಾಗಿ ಓದಿಕೊಳ್ಳುತ್ತವೆ, ಒಳವಲಯದವು ಅದರ ಅರ್ಧದಷ್ಟು ನಿಧಾನ. ಹಾಗಾಗಿ ಇಡೀ ಡಿಸ್ಕ್ ಓದುವಾಗ ಕೊನೆಕೊನೆಗೆ ವೇಗ ಇಳಿದರೆ ಗಾಬರಿಯಾಗಬೇಡಿ, ಅದು ಸಹಜ.

ಯಾವ ಅಲ್ಗಾರಿದಮ್ ಬಳಸಲಿ?

ಬೇರೆ ಕಾರಣ ಇಲ್ಲದಿದ್ದರೆ ಎಸ್‌ಎಚ್‌ಎ-256. ಎಲ್ಲ ಕಡೆ ಸಿಗುತ್ತದೆ. ಹತ್ತು ವರ್ಷ ಕಳೆದು ನಿಮ್ಮ ಡಿಸ್ಕನ್ನು ಕೈಗೆತ್ತಿಕೊಳ್ಳುವವರಿಗೂ ಅದನ್ನು ಪರೀಕ್ಷಿಸುವ ಸಾಧನ ಇದ್ದೇ ಇರುತ್ತದೆ.

ಸಿಆರ್‌ಸಿ-32 ಆಕಸ್ಮಿಕ ದೋಷ ಹಿಡಿಯಲು ಒಳ್ಳೆಯದು. ಆದರೆ ಅದರ ಉತ್ತರ 32 ಬಿಟ್ ಮಾತ್ರ, ಅಂದರೆ ಸುಮಾರು 430 ಕೋಟಿ ಬೇರೆ ಬೇರೆ ಉತ್ತರಗಳಷ್ಟೇ. ಸಂಗ್ರಹದ ಗುರುತಾಗಿ ಇಡಲು ಅದು ಸಾಲದು. ಎಂಡಿ5ಗೆ ಒಂದೇ ಹ್ಯಾಶ್ ಬರುವ ಎರಡು ಬೇರೆ ಕಡತಗಳನ್ನು 2004ರಲ್ಲಿಯೇ ಮಾಡಿ ತೋರಿಸಲಾಗಿದೆ. ಎಸ್‌ಎಚ್‌ಎ-1ಕ್ಕೆ 2017ರಲ್ಲಿ ಗೂಗಲ್ ಮತ್ತು ಆಮ್‌ಸ್ಟರ್‌ಡಾಮಿನ ಸಿಡಬ್ಲ್ಯುಐ ಸಂಸ್ಥೆಯ ಸಂಶೋಧಕರು ಅದನ್ನೇ ಮಾಡಿದರು. ಇವೆರಡೂ ಕೇಬಲ್ಲಿನ ದೋಷವನ್ನು ಇಂದಿಗೂ ಹಿಡಿಯುತ್ತವೆ. ಬೇಕೆಂದೇ ತಿದ್ದಿದವನನ್ನು ಹಿಡಿಯುತ್ತವೆ ಎಂದು ನಂಬುವಂತಿಲ್ಲ. ಹಳೆಯ ಚೆಕ್‌ಸಮ್ ಪಟ್ಟಿಯಲ್ಲಿ ಎಂಡಿ5 ಇದ್ದರೆ ಅಳಿಸಬೇಡಿ. ಮುಂದಿನ ಸಲ ಓದುವಾಗ ಅದರ ಪಕ್ಕದಲ್ಲೇ ಎಸ್‌ಎಚ್‌ಎ-256 ಸೇರಿಸಿ.

ವೇಗವೇ ಮುಖ್ಯ, ಕಡತಗಳೆಲ್ಲ ನಿಮ್ಮದೇ ಮನೆಯೊಳಗೆ ಇರುತ್ತವೆ ಎಂದಾದರೆ ಎಕ್ಸ್‌ಎಕ್ಸ್‌ಹ್ಯಾಶ್ ಚೆನ್ನಾಗಿದೆ, ಆದರೆ ಅದು ಭದ್ರತೆಗಾಗಿ ಮಾಡಿದ್ದಲ್ಲ. ವೇಗವೂ ಬೇಕು, ಭದ್ರತೆಯೂ ಬೇಕು ಎನ್ನುವವರಿಗೆ 2020ರಲ್ಲಿ ಬಂದ ಬ್ಲೇಕ್3 ಇದೆ.

ನನ್ನ ಕಂಪ್ಯೂಟರಿನಲ್ಲಿ ಎಂಟು ಕೋರ್ ಇವೆ. ಎಸ್‌ಎಚ್‌ಎ-256 ಹಾಕುವಾಗ ಒಂದೇ ದುಡಿಯುತ್ತದೆ. ಏಕೆ?

ಎಸ್‌ಎಚ್‌ಎ-256ರ ರಚನೆಯೇ ಹಾಗೆ. ಅದು ದತ್ತಾಂಶವನ್ನು 64 ಬೈಟ್‌ಗಳ ತುಣುಕುಗಳಾಗಿ ತೆಗೆದುಕೊಂಡು, ಪ್ರತಿ ತುಣುಕಿನ ಫಲವನ್ನು ಮುಂದಿನ ತುಣುಕಿನ ಲೆಕ್ಕಕ್ಕೆ ಸೇರಿಸುತ್ತ ಹೋಗುತ್ತದೆ. ಹಿಂದಿನದು ಮುಗಿಯದೆ ಮುಂದಿನದು ಆರಂಭವಾಗುವುದಿಲ್ಲ. ಒಂದು ಸೂಜಿಯಲ್ಲಿ ಪೋಣಿಸುವ ಮಲ್ಲಿಗೆ ಮಾಲೆಗೆ ನಾಲ್ವರು ಕೂತರೂ ಕೆಲಸ ಒಬ್ಬರದೇ. ಬ್ಲೇಕ್3 ನಾಲ್ವರಿಗೂ ಒಂದೊಂದು ಗಿಡ್ಡ ಮಾಲೆ ಕೊಟ್ಟು ಕೊನೆಯಲ್ಲಿ ಗಂಟು ಹಾಕುತ್ತದೆ: ಕಡತವನ್ನು 1024 ಬೈಟ್‌ಗಳ ತುಂಡುಗಳಾಗಿ ಒಡೆದು, ಅವುಗಳ ಫಲಗಳನ್ನು ಮರದಂತೆ ಎರಡೆರಡಾಗಿ ಕೂಡಿಸುತ್ತದೆ. ಎಷ್ಟು ಕೋರ್ ದುಡಿದರೂ ಉತ್ತರ ಒಂದೇ.

ಆದರೆ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ನಿಮ್ಮ ಪ್ರೊಸೆಸರ್ ನಿಜವಾಗಿ ಡಿಸ್ಕ್ ಕಾಯುವಂತೆ ಮಾಡುತ್ತಿದೆಯೇ? ಸಾಧಾರಣ ಪ್ರೊಸೆಸರ್ ಎಸ್‌ಎಚ್‌ಎ-256ನ್ನು ಸೆಕೆಂಡಿಗೆ ಕೆಲವು ನೂರು ಎಂಬಿ ವೇಗದಲ್ಲಿ ಮಾಡುತ್ತದೆ. 100 ಎಂಬಿ ಕೊಡುವ ಹಾರ್ಡ್ ಡಿಸ್ಕಿಗೆ ಅದು ಧಾರಾಳವಾಗಿ ಸಾಕು. ಅಲ್ಲಿ ಬ್ಲೇಕ್3 ತಂದರೂ ಒಂದು ನಿಮಿಷವೂ ಉಳಿಯುವುದಿಲ್ಲ. ಅಷ್ಟೇ ಅಲ್ಲ, ಏಕಕಾಲಕ್ಕೆ ನಡೆಯುವ ಹಲವು ಕೆಲಸದ ಎಳೆಗಳು (ಥ್ರೆಡ್) ಒಂದೇ ಡಿಸ್ಕಿನ ಬೇರೆ ಬೇರೆ ಜಾಗ ಕೇಳಿದರೆ ತಿರುಗುವ ಡಿಸ್ಕಿನ ಮುಳ್ಳು ಅತ್ತಿತ್ತ ಓಡಿ ಇನ್ನಷ್ಟು ನಿಧಾನವಾಗುತ್ತದೆ. ಹಾರ್ಡ್ ಡಿಸ್ಕಿನಲ್ಲಿ ಬ್ಲೇಕ್3 ಬಳಸುವುದಾದರೆ ಒಂದೇ ಎಳೆಯಲ್ಲಿ ಓದಲು ಹೇಳಿ.

ಎನ್‌ವಿಎಂಇ ಎಂಬ ಹೆಚ್ಚು ವೇಗದ ಎಸ್‌ಎಸ್‌ಡಿಯಲ್ಲಿ ಕತೆ ಬೇರೆ. ಅದು ಸೆಕೆಂಡಿಗೆ 3 ಜಿಬಿ ಮೀರಿ ಕೊಡಬಲ್ಲದು. ಅಲ್ಲಿ ಪ್ರೊಸೆಸರೇ ಹಿಂದೆ ಬೀಳುತ್ತದೆ. ಎಎಂಡಿ ರೈಜನ್ ಚಿಪ್‌ಗಳಲ್ಲಿ ಮತ್ತು ಇಂಟೆಲ್ ಕೋರ್‌ನ 11ನೇ ತಲೆಮಾರಿನಿಂದ ಈಚಿನವುಗಳಲ್ಲಿ ಎಸ್‌ಎಚ್‌ಎ ಲೆಕ್ಕಕ್ಕೆಂದೇ ಪ್ರತ್ಯೇಕ ಸೂಚನೆಗಳಿವೆ. ಅವನ್ನು ಬಳಸುವ ತಂತ್ರಾಂಶ ಸೆಕೆಂಡಿಗೆ 1 ಜಿಬಿಯನ್ನು ಸಲೀಸಾಗಿ ದಾಟುತ್ತದೆ. ಲಿನಕ್ಸ್‌ನಲ್ಲಿ ಪ್ರೊಸೆಸರ್ ವಿವರದ ಕಡತದಲ್ಲಿ ‘ಎಸ್‌ಎಚ್‌ಎ ಎನ್‌ಐ’ ಎಂಬ ಗುರುತು ಇದೆಯೇ ನೋಡಿ. ಓಪನ್‌ಎಸ್‌ಎಸ್‌ಎಲ್‌ನ ವೇಗಪರೀಕ್ಷೆಯ ಕಮಾಂಡ್ ಡಿಸ್ಕ್ ಮುಟ್ಟದೆ ಬರೀ ಗಣಿತದ ವೇಗವನ್ನು ಹೇಳುತ್ತದೆ. ಆ ಅಂಕಿ ಡಿಸ್ಕಿನ ವೇಗಕ್ಕಿಂತ ದೊಡ್ಡದಿದ್ದರೆ ಅಲ್ಗಾರಿದಮ್ ಬದಲಿಸುವ ಯೋಚನೆಯನ್ನೇ ಬಿಡಬಹುದು. ಈ ಸೂಚನೆಗಳಿಲ್ಲದ ಹಳೆಯ 64 ಬಿಟ್ ಯಂತ್ರದಲ್ಲಿ ಎಸ್‌ಎಚ್‌ಎ-512 ಎಸ್‌ಎಚ್‌ಎ-256ಕ್ಕಿಂತ ವೇಗವಾಗಿ ಓಡುತ್ತದೆ ಎನ್ನುವುದೂ ನೆನಪಿರಲಿ.

ಮೊದಲು ಡಿಸ್ಕಿನ ಹ್ಯಾಶ್, ಆಮೇಲೆ ಇಮೇಜ್, ಆಮೇಲೆ ಇಮೇಜಿನ ಹ್ಯಾಶ್. ಮೂರು ಸಲ ಓದಲೇಬೇಕೇ?

ಎರಡು ಸಲ ಸಾಕು. ಇಮೇಜ್ ಮಾಡುವಾಗ ಮೂಲ ಡಿಸ್ಕಿನ ಪ್ರತಿ ಬೈಟ್ ನಿಮ್ಮ ಮೆಮರಿಯ ಮೂಲಕವೇ ಹಾದುಹೋಗುತ್ತದೆ. ಆಗಲೇ ಲೆಕ್ಕ ಹಾಕಿಬಿಡಿ. ಲಿನಕ್ಸ್‌ನಲ್ಲಿ ‘ಡಿಡಿ’ ಓದಿದ್ದನ್ನು ‘ಟೀ’ ಎಂಬ ಕಮಾಂಡಿಗೆ ಕೊಡಿ. ಅದು ಒಂದು ಕಡೆ ಇಮೇಜ್ ಕಡತಕ್ಕೆ ಬರೆಯುತ್ತದೆ, ಇನ್ನೊಂದು ಕಡೆ ಅದನ್ನೇ ಹ್ಯಾಶ್ ಕಮಾಂಡಿಗೆ ದಾಟಿಸುತ್ತದೆ. ಬ್ಯಾಷ್ ಶೆಲ್‌ನಲ್ಲಿ ಒಂದೇ ಹರಿವಿನಿಂದ ಎಂಡಿ5 ಮತ್ತು ಎಸ್‌ಎಚ್‌ಎ-256 ಎರಡನ್ನೂ ತೆಗೆಯಬಹುದು. ‘ಡಿಸಿ3ಡಿಡಿ’, ‘ಗೈಮೇಜರ್’ ಇಂಥ ತಂತ್ರಾಂಶಗಳು ಇದನ್ನು ತಾವಾಗಿಯೇ ಮಾಡುತ್ತವೆ.

ಇಲ್ಲಿ ಸಿಕ್ಕಿದ್ದು ಮೂಲದಿಂದ ಓದಿದ ದತ್ತಾಂಶದ ಹ್ಯಾಶ್. ಅದು ಗುರಿ ಡಿಸ್ಕಿಗೆ ಸರಿಯಾಗಿ ಬಿದ್ದಿದೆ ಎನ್ನುವುದಕ್ಕೆ ಪುರಾವೆಯಲ್ಲ. ಆದ್ದರಿಂದ ಇಮೇಜ್ ಕಡತವನ್ನು ಒಂದು ಸಲ ಓದಿ ಹೋಲಿಸಲೇಬೇಕು. ಹೊತ್ತು ಉಳಿಸುವ ಹೆಸರಿನಲ್ಲಿ ಈ ಎರಡನೆಯ ಓದನ್ನು ಬಿಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ, ಏಕೆಂದರೆ ಮೂಲ ಡಿಸ್ಕ್ ಕೈಯಲ್ಲಿರುವಾಗ ಮಾತ್ರ ತಪ್ಪನ್ನು ತಿದ್ದಲು ಸಾಧ್ಯ.

ಪೆನ್‌ಡ್ರೈವ್‌ಗೆ ನಕಲು ಮುಗಿದ ಕೂಡಲೇ ಪರಿಶೀಲಿಸಿದೆ. 4 ಜಿಬಿಯ ಐಎಸ್‌ಒ (ಡಿವಿಡಿ ರೂಪದ ಇಮೇಜ್ ಕಡತ) ಕೆಲವೇ ಸೆಕೆಂಡಿನಲ್ಲಿ ಮುಗಿಯಿತು. ಒಳ್ಳೆಯದೇ ಅಲ್ಲವೇ?

ಒಳ್ಳೆಯದಲ್ಲ. ಪೆನ್‌ಡ್ರೈವ್ ಅಷ್ಟು ವೇಗವಾಗಿ ಓದಲಾರದು ಎಂದರೆ ನೀವು ಪೆನ್‌ಡ್ರೈವನ್ನು ಓದಲೇ ಇಲ್ಲ. ಬರೆದ ದತ್ತಾಂಶದ ಪ್ರತಿ ರ‍್ಯಾಮ್‌ನಲ್ಲಿ ಇನ್ನೂ ಉಳಿದಿತ್ತು, ಕಾರ್ಯವ್ಯವಸ್ಥೆ ಅದನ್ನೇ ತೆಗೆದು ಕೊಟ್ಟಿತು. ಹ್ಯಾಶ್ ಸರಿ ಬಂತು, ಆದರೆ ಪರೀಕ್ಷೆಯಾದದ್ದು ರ‍್ಯಾಮ್.

ಪರಿಹಾರ ಸುಲಭ. ಸುರಕ್ಷಿತವಾಗಿ ತೆಗೆಯುವ ಆಯ್ಕೆ ಒತ್ತಿ, ಡ್ರೈವನ್ನು ಕಿತ್ತು, ಮತ್ತೆ ಚುಚ್ಚಿ ಪರಿಶೀಲಿಸಿ. ಕೀಳಲಾಗದ ಒಳಗಿನ ಡಿಸ್ಕಾದರೆ ಲಿನಕ್ಸ್‌ನಲ್ಲಿ ಕ್ಯಾಶ್ (ರ‍್ಯಾಮ್‌ನಲ್ಲಿ ಉಳಿದ ಆ ಪ್ರತಿ) ಖಾಲಿ ಮಾಡುವ ದಾರಿಯಿದೆ, ‘ಡಿಡಿ’ಗೆ ಕ್ಯಾಶ್ ಬಿಟ್ಟು ನೇರವಾಗಿ ಓದಲು ಹೇಳುವ ಆಯ್ಕೆಯೂ ಇದೆ. ರ‍್ಯಾಮ್‌ಗಿಂತ ಬಹಳ ದೊಡ್ಡದಾದ ಇಮೇಜ್‌ಗೆ ಈ ತೊಂದರೆ ಕಡಿಮೆ, ಆದರೂ ಕಿತ್ತು ಚುಚ್ಚುವುದು ಒಳ್ಳೆಯ ಅಭ್ಯಾಸ.

ಮಳೆಗಾಲದಲ್ಲಿ ನಡುವೆ ಕರೆಂಟು ಹೋಗುತ್ತದೆ. ಮೂರು ಗಂಟೆಯ ಲೆಕ್ಕ ಮೊದಲಿನಿಂದಲೇ ಆಗಬೇಕೇ?

ಇಡೀ ಕಡತಕ್ಕೆ ಒಂದೇ ಹ್ಯಾಶ್ ಹಾಕುತ್ತಿದ್ದರೆ ಹೌದು. ಸಾಮಾನ್ಯ ಕಮಾಂಡ್‌ಗಳು ನಿಂತಲ್ಲಿಂದ ಮುಂದುವರಿಯುವುದಿಲ್ಲ. ಅದಕ್ಕಾಗಿಯೇ ದೊಡ್ಡ ಇಮೇಜ್‌ಗಳಿಗೆ ತುಂಡುತುಂಡಾಗಿ ಹ್ಯಾಶ್ ಹಾಕಿ ಎಂದು ನಾನು ಎಲ್ಲರಿಗೂ ಒತ್ತಿ ಹೇಳುವುದು.

500 ಜಿಬಿಯನ್ನು 1 ಜಿಬಿಯ 500 ಭಾಗಗಳೆಂದು ಎಣಿಸಿ, ಪ್ರತಿಯೊಂದರ ಎಸ್‌ಎಚ್‌ಎ-256ನ್ನು ಒಂದೊಂದು ಸಾಲಿನಲ್ಲಿ ಬರೆಯಿರಿ. ಕಡತವನ್ನು ನಿಜವಾಗಿ ಒಡೆಯಬೇಕಿಲ್ಲ, ಎಲ್ಲಿಂದ ಎಲ್ಲಿಯವರೆಗೆ ಓದಬೇಕು ಎಂದು ಹೇಳಿದರಾಯಿತು. ಜೂನ್ ತಿಂಗಳ ಗಾಳಿಮಳೆಗೆ ತಂತಿಯ ಮೇಲೆ ಮರ ಬಿದ್ದು 312ನೇ ಭಾಗದಲ್ಲಿ ಯಂತ್ರ ಆರಿದರೆ, ಕರೆಂಟು ಬಂದ ಮೇಲೆ ಅದೇ 312ರಿಂದ ಮುಂದುವರಿಯಬಹುದು.

ಇನ್ನೂ ದೊಡ್ಡ ಲಾಭ ಬೇರೆಯಿದೆ. ಇಡೀ ಕಡತದ ಹ್ಯಾಶ್ ಹೊಂದದಿದ್ದರೆ ಅದು ‘ಹಾಳಾಗಿದೆ’ ಎಂದಷ್ಟೇ ಹೇಳುತ್ತದೆ, ಎಲ್ಲಿ ಎಂದು ಹೇಳುವುದಿಲ್ಲ. ತುಂಡುಗಳ ಪಟ್ಟಿಯಿದ್ದರೆ 87ನೇ ಭಾಗ ಮಾತ್ರ ಕೆಟ್ಟಿದೆ ಎಂದು ತಿಳಿಯುತ್ತದೆ. ಇನ್ನೊಂದು ಪ್ರತಿಯಿಂದ ಆ 1 ಜಿಬಿಯನ್ನಷ್ಟೇ ತಂದು ಅದೇ ಜಾಗಕ್ಕೆ ಬರೆದರೆ ಇಮೇಜ್ ಮತ್ತೆ ಪೂರ್ಣ. ಎರಡು ಪ್ರತಿಗಳಲ್ಲೂ ಬೇರೆ ಬೇರೆ ಭಾಗ ಕೆಟ್ಟಿದ್ದರೂ ಎರಡರಿಂದ ಸೇರಿಸಿ ಒಂದು ಸರಿಯಾದ ಪ್ರತಿ ಮಾಡಬಹುದು. ಬಿಟ್‌ಟೊರೆಂಟ್ ದೊಡ್ಡ ಐಎಸ್‌ಒಗಳನ್ನು ಇಳಿಸುವಾಗ ನಡೆಯುವುದೂ ಇದೇ: ಪ್ರತಿ ತುಂಡಿಗೂ ಹ್ಯಾಶ್, ಕೆಟ್ಟ ತುಂಡು ಮಾತ್ರ ಮತ್ತೆ. ನೆರೆಮನೆಯ ವೈಫೈಯಿಂದ ಕಷ್ಟಪಟ್ಟು ಇಳಿಸಿದ ಐಎಸ್‌ಒ ಹೊಂದದಿದ್ದರೆ, ಅದೇ ಕಡತವನ್ನು ಟೊರೆಂಟ್ ತಂತ್ರಾಂಶಕ್ಕೆ ತೋರಿಸಿ ಮರುಪರಿಶೀಲನೆ ಮಾಡಿಸಿ. ಕೆಟ್ಟ ತುಂಡುಗಳಷ್ಟೇ ಮತ್ತೆ ಬರುತ್ತವೆ.

ತುಂಡುಗಳ ಪಟ್ಟಿಯ ಜೊತೆ ಇಡೀ ಕಡತದ ಹ್ಯಾಶ್ ಕೂಡ ಇರಲಿ. ಒಂದೇ ಓದಿನಲ್ಲಿ ಎರಡೂ ಸಿಗುತ್ತವೆ.

ಎರಡು ಇಮೇಜ್‌ಗಳ ಲೆಕ್ಕ ಒಟ್ಟಿಗೆ ಓಡಿಸಬಹುದೇ?

ಬೇರೆ ಬೇರೆ ಡಿಸ್ಕ್‌ಗಳಲ್ಲಿದ್ದರೆ ಧೈರ್ಯವಾಗಿ. ಒಂದೇ ತಿರುಗುವ ಡಿಸ್ಕಿನಲ್ಲಿದ್ದರೆ ಬೇಡ, ಒಂದರ ನಂತರ ಒಂದು ಮಾಡಿ. ಎಸ್‌ಎಸ್‌ಡಿಯಲ್ಲಿ ಪರವಾಗಿಲ್ಲ.

ಡಿಸ್ಕಿನಲ್ಲಿ ಕೆಟ್ಟ ಸೆಕ್ಟರ್‌ಗಳಿವೆ. ಓದುತ್ತಲೇ ಹ್ಯಾಶ್ ಹಾಕಲೇ?

ಬೇಡ. ಕೆಟ್ಟ ಡಿಸ್ಕಿಗೆ ‘ಡಿಡಿರೆಸ್ಕ್ಯೂ’ ಬಳಸಿ. ಅದು ಸುಲಭವಾಗಿ ಬರುವುದನ್ನು ಮೊದಲು ತೆಗೆದು, ಕಷ್ಟದ ಜಾಗಗಳಿಗೆ ಆಮೇಲೆ ಹಿಂದಿರುಗುತ್ತದೆ. ದತ್ತಾಂಶ ಕ್ರಮವಾಗಿ ಬರುವುದಿಲ್ಲವಾದ್ದರಿಂದ ಹರಿವಿನಲ್ಲಿ ಲೆಕ್ಕ ಹಾಕಲಾಗದು. ಕೆಲಸ ಪೂರ್ತಿ ಮುಗಿದ ಮೇಲೆ ಇಮೇಜ್ ಕಡತಕ್ಕೆ ಹ್ಯಾಶ್ ಹಾಕಿ, ಯಾವ ಭಾಗ ಓದಲಾಯಿತು, ಯಾವುದು ಆಗಲಿಲ್ಲ ಎಂದು ತಿಳಿಸುವ ಅದರ ಮ್ಯಾಪ್ ಕಡತವನ್ನೂ ಜೊತೆಗಿಡಿ. ಮೂಲ ಡಿಸ್ಕಿನ ಹ್ಯಾಶ್ ತೆಗೆಯಲೆಂದು ಸಾಯುತ್ತಿರುವ ಡಿಸ್ಕನ್ನು ಮತ್ತೊಮ್ಮೆ ಓಡಿಸಬೇಡಿ. ಆ ಓದೇ ಅದರ ಕೊನೆಯ ಓದಾಗಬಹುದು.

ಇಮೇಜ್ ತೆರೆದು ನೋಡಿದೆ ಅಷ್ಟೇ, ಏನನ್ನೂ ಬದಲಿಸಲಿಲ್ಲ. ಹ್ಯಾಶ್ ಬೇರೆ ಬರುತ್ತಿದೆ.

ನೀವು ಬದಲಿಸಲಿಲ್ಲ, ಕಾರ್ಯವ್ಯವಸ್ಥೆ ಬದಲಿಸಿತು. ಇಎಕ್ಸ್‌ಟಿ4 (ಲಿನಕ್ಸ್‌ನ ಒಂದು ಕಡತವ್ಯವಸ್ಥೆ) ಇಮೇಜನ್ನು ಮೌಂಟ್ ಮಾಡಿದರೆ, ಅಂದರೆ ಡಿಸ್ಕಿನಂತೆ ತೆರೆದರೆ, ಕೊನೆಯ ಸಲ ಮೌಂಟ್ ಆದ ಹೊತ್ತು ಕಡತವ್ಯವಸ್ಥೆಯ ವಿವರವಿರುವ ಸೂಪರ್‌ಬ್ಲಾಕಿನಲ್ಲಿ ದಾಖಲಾಗುತ್ತದೆ. ಓದಲು ಮಾತ್ರ ಎಂದು ಹೇಳಿದರೂ, ಹಿಂದೆ ಸರಿಯಾಗಿ ಮುಚ್ಚದ ಜರ್ನಲ್ (ಬದಲಾವಣೆಗಳ ದಿನಚರಿ) ಇದ್ದರೆ ಅದು ಮರುಚಾಲನೆಯಾಗಿ ಬರಹ ನಡೆಯಬಹುದು. ವಿಂಡೋಸ್‌ಗೆ ಪೆನ್‌ಡ್ರೈವ್ ಚುಚ್ಚಿದರೆ ಅದು ತನ್ನದೇ ಒಂದು ಅಡಗಿದ ಫೋಲ್ಡರ್ ಸೃಷ್ಟಿಸುತ್ತದೆ. ಆದ್ದರಿಂದ ಮೊದಲು ಹ್ಯಾಶ್, ಆಮೇಲೆ ತೆರೆಯುವುದು. ತೆರೆಯುವಾಗ ಇಮೇಜ್ ಕಡತಕ್ಕೆ ಬರೆಯುವ ಅನುಮತಿಯನ್ನೇ ತೆಗೆದುಹಾಕಿ, ಕಡತವನ್ನು ಡಿಸ್ಕಿನಂತೆ ತೋರಿಸುವ ಲೂಪ್ ಸಾಧನವನ್ನು ಓದಲು ಮಾತ್ರ ಎಂದು ಹೊಂದಿಸಿ. ನೋಡುವುದು ಬಹಳವಿದ್ದರೆ ಇನ್ನೊಂದು ಪ್ರತಿಯಲ್ಲಿ ನೋಡಿ.

ಶಾಲೆಯ ಲ್ಯಾಬಿಗೆಂದು ಐಎಸ್‌ಒವನ್ನು ಪೆನ್‌ಡ್ರೈವ್‌ಗೆ ಬರೆದೆವು. ಪೆನ್‌ಡ್ರೈವಿನ ಹ್ಯಾಶ್ ಐಎಸ್‌ಒಗೆ ಹೊಂದುವುದಿಲ್ಲ.

ಕೇರಳದ ಶಾಲೆಗಳಲ್ಲಿ ಸರಕಾರದ ಕೈಟ್ ಸಂಸ್ಥೆಯ ಉಬುಂಟು ಆಧಾರಿತ ವ್ಯವಸ್ಥೆ ಬಳಕೆಯಲ್ಲಿರುವುದರಿಂದ, ನಮ್ಮ ಕನ್ನಡ ಮಾಧ್ಯಮ ಶಾಲೆಗಳ ಅಧ್ಯಾಪಕರು ಈ ಪ್ರಶ್ನೆ ಕೇಳುತ್ತಲೇ ಇರುತ್ತಾರೆ. ಪೆನ್‌ಡ್ರೈವ್ 16 ಜಿಬಿ, ಐಎಸ್‌ಒ 4 ಜಿಬಿ ಎಂದುಕೊಳ್ಳಿ. ಇಡೀ ಪೆನ್‌ಡ್ರೈವ್ ಓದಿದರೆ ಉಳಿದ 12 ಜಿಬಿಯ ಹಳೆಯ ಕಸವೂ ಲೆಕ್ಕಕ್ಕೆ ಸೇರುತ್ತದೆ. ಐಎಸ್‌ಒ ಎಷ್ಟು ಬೈಟ್ ಇದೆಯೋ ಸರಿಯಾಗಿ ಅಷ್ಟನ್ನೇ ಪೆನ್‌ಡ್ರೈವಿನ ಆರಂಭದಿಂದ ಓದಿ ಹ್ಯಾಶ್ ಹಾಕಿ. ಲಿನಕ್ಸ್‌ನ ‘ಹೆಡ್’ ಕಮಾಂಡಿಗೆ ಬೈಟ್‌ಗಳ ಸಂಖ್ಯೆ ಕೊಟ್ಟರೆ ಆಯಿತು. ಇದು ಬೈಟಿಗೆ ಬೈಟ್ ಬರೆದಾಗ ಮಾತ್ರ ಅನ್ವಯ. ಕೆಲವು ತಂತ್ರಾಂಶಗಳು ಐಎಸ್‌ಒ ಒಳಗಿನ ಕಡತಗಳನ್ನು ಬಿಡಿಸಿ ನಕಲಿಸುತ್ತವೆ. ಆಗ ಒಳಗಿನ ಕಡತಗಳನ್ನು ಒಂದೊಂದಾಗಿ ಹೋಲಿಸಬೇಕು. ಉಬುಂಟು ಐಎಸ್‌ಒಗಳ ಒಳಗೆ ಅದಕ್ಕೆಂದೇ ಎಂಡಿ5 ಪಟ್ಟಿ ಇರುತ್ತದೆ.

ಒಂದೇ ಕಡತ, ಪ್ರತಿ ಸಲ ಬೇರೆ ಹ್ಯಾಶ್!

ಯಂತ್ರಾಂಶ ಕೆಟ್ಟಿದೆ. ಅಲ್ಗಾರಿದಮ್ ಎಂದೂ ಹೀಗೆ ಮಾಡುವುದಿಲ್ಲ. ಮೊದಲು ಕೇಬಲ್ ಬದಲಿಸಿ. ಸಾಟಾ ಡಿಸ್ಕಾದರೆ ಸ್ಮಾರ್ಟ್ ವರದಿಯಲ್ಲಿ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಇಡುವ ಲೆಕ್ಕ) 199ನೇ ಸಾಲು ನೋಡಿ: ಡಿಸ್ಕಿಗೂ ಕಂಪ್ಯೂಟರಿಗೂ ನಡುವಿನ ಸಾಗಾಟದಲ್ಲಿ ಸಿಕ್ಕಿದ ದೋಷಗಳ ಎಣಿಕೆ ಅದು. ಅದು ಏರುತ್ತಿದ್ದರೆ ಕೇಬಲ್ ಅಥವಾ ಜೋಡಣೆಯದೇ ತಪ್ಪು. ಕರಾವಳಿಯ ತೇವದಲ್ಲಿ ಜೋಡಣೆಯ ತುದಿಗಳು ಕಿಲುಬು ಹಿಡಿದಿವೆಯೇ ಎಂದೂ ನೋಡಿ. ಆ ಎಣಿಕೆ ಏರದಿದ್ದರೆ ಮೆಮ್‌ಟೆಸ್ಟ್ ಹಾಕಿ ರಾತ್ರಿಯಿಡೀ ರ‍್ಯಾಮ್ ಪರೀಕ್ಷಿಸಿ. ಕಾರಣ ಸಿಗುವವರೆಗೆ ಆ ಯಂತ್ರದಲ್ಲಿ ಒಂದೇ ಒಂದು ನಕಲೂ ಮಾಡಬೇಡಿ.

ಹ್ಯಾಶ್ ‘ಇ3ಬಿ0ಸಿ442’ ಎಂದು ಆರಂಭವಾಗುತ್ತದೆ. ಎರಡು ಕಡತಕ್ಕೂ ಒಂದೇ!

ಅದು ಖಾಲಿ ಕಡತದ ಎಸ್‌ಎಚ್‌ಎ-256. ಒಂದು ಕಮಾಂಡ್ ಓದಿದ್ದನ್ನು ಇನ್ನೊಂದಕ್ಕೆ ಹರಿಸುವ ಪೈಪಿನಲ್ಲಿ ಮೊದಲ ಕಮಾಂಡ್ ಏನನ್ನೂ ಓದಿಲ್ಲ, ಹೆಚ್ಚಾಗಿ ಅನುಮತಿಯ ತೊಂದರೆ. ಎಂಡಿ5ನಲ್ಲಿ ಇದೇ ಸಂಗತಿ ‘ಡಿ41ಡಿ8ಸಿಡಿ9’ ಎಂದು ಕಾಣಿಸುತ್ತದೆ.

ಇಮೇಜನ್ನು ಒತ್ತಿ ಚಿಕ್ಕದು ಮಾಡಿ ಇಡುತ್ತೇನೆ. ಯಾವುದಕ್ಕೆ ಹ್ಯಾಶ್?

ಎರಡಕ್ಕೂ. ಒತ್ತಿದ ಕಡತದ ಹ್ಯಾಶ್ ದಿನನಿತ್ಯದ ಪರಿಶೀಲನೆಗೆ, ಏಕೆಂದರೆ ಓದಬೇಕಾದ ಗಾತ್ರ ಕಡಿಮೆ. ಮೂಲ ಇಮೇಜಿನ ಹ್ಯಾಶ್ ಶಾಶ್ವತ ಗುರುತಿಗೆ: ಜಿಜಿಪ್ ಕಡತದ ಹೆಸರನ್ನೂ ಹೊತ್ತನ್ನೂ ಒಳಗೆ ಬರೆಯುವುದರಿಂದ ಅದೇ ಇಮೇಜನ್ನು ಮತ್ತೊಮ್ಮೆ ಒತ್ತಿದರೆ ಹೊರಗಿನ ಹ್ಯಾಶ್ ಬೇರೆಯಾಗಬಹುದು. ಬಿಡಿಸಿದ್ದನ್ನು ಡಿಸ್ಕಿಗೆ ಬರೆಯದೆ ನೇರ ಹ್ಯಾಶ್ ಕಮಾಂಡಿಗೆ ಹರಿಸಿದರೆ ಜಾಗವೂ ಬೇಡ.

ಇದೇ ಉಪಾಯ ಎಫ್‌ಎಟಿ32 ಡಿಸ್ಕಿನವರಿಗೂ ಸಲ್ಲುತ್ತದೆ. ಅಲ್ಲಿ ಒಂದು ಕಡತ 4 ಜಿಬಿ ಮೀರುವಂತಿಲ್ಲ. ಇಮೇಜನ್ನು ಒಡೆದಿದ್ದರೆ ಭಾಗಗಳನ್ನು ‘ಕ್ಯಾಟ್’ ಮೂಲಕ ಕ್ರಮವಾಗಿ ಹರಿಸಿ ಇಡೀ ಇಮೇಜಿನ ಹ್ಯಾಶ್ ಪಡೆಯಬಹುದು.

ಕಡತದ ಹೆಸರು ಕನ್ನಡದಲ್ಲಿದೆ. ಪರಿಶೀಲಿಸಿದರೆ ‘ಕಡತ ಇಲ್ಲ’ ಎನ್ನುತ್ತದೆ.

ಹ್ಯಾಶ್‌ಗೂ ಕಡತದ ಹೆಸರಿಗೂ ಸಂಬಂಧವಿಲ್ಲ. ಹೆಸರು ಬದಲಿಸಿದರೂ ಹ್ಯಾಶ್ ಬದಲಾಗದು. ತೊಂದರೆ ಇರುವುದು ಪಟ್ಟಿಯಲ್ಲಿ ಬರೆದ ಹೆಸರಿನಲ್ಲಿ. ಯುನಿಕೋಡ್‌ನಲ್ಲಿ ‘ಕೊ’ ಅಕ್ಷರದ ಒ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎ ಚಿಹ್ನೆ ಮತ್ತು ಊ ಚಿಹ್ನೆ ಎಂದು ಎರಡಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ, ಬೈಟ್‌ಗಳು ಬೇರೆ. ಹಳೆಯ ಮ್ಯಾಕ್‌ನ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕ್ ಹೆಸರುಗಳನ್ನು ಬಿಡಿಸಿ ಇಡುತ್ತದೆ, ಆದ್ದರಿಂದ ಅಲ್ಲಿಂದ ಲಿನಕ್ಸ್‌ಗೆ ಬಂದಾಗ ಪಟ್ಟಿ ಹೊಂದುವುದಿಲ್ಲ. ಕನ್ನಡದಲ್ಲಿ ಹೆಸರಿಡಬೇಡಿ ಎಂದು ನಾನು ಹೇಳಲಾರೆ. ಇಮೇಜ್ ಕಡತಕ್ಕೆ ಒಂದು ಸಂಖ್ಯೆ ಕೊಟ್ಟು, ‘ಕುಂಬಳೆ ತಾಳಮದ್ದಳೆ, ಕ್ಯಾಸೆಟ್ 1ರಿಂದ 40’ ಎಂಬಂಥ ಪೂರ್ಣ ವಿವರವನ್ನು ಜೊತೆಗಿನ ಪಠ್ಯ ಕಡತದಲ್ಲಿ ಕನ್ನಡದಲ್ಲೇ ಬರೆಯಿರಿ.

ವಿಂಡೋಸ್‌ನಲ್ಲಿ ಮಾಡಿದ ಪಟ್ಟಿ ಲಿನಕ್ಸ್‌ನಲ್ಲಿ ಓಡದಿರಲು ಬೇರೆ ಎರಡು ಕಾರಣಗಳೂ ಇವೆ: ಸಾಲಿನ ಕೊನೆಯ ಗುರುತು ಬೇರೆ ಇರುವುದು, ಮತ್ತು ಹಳೆಯ ಪವರ್‌ಶೆಲ್ ಕಡತವನ್ನು ಯುಟಿಎಫ್-16ರಲ್ಲಿ ಬರೆಯುವುದು. ಯುಟಿಎಫ್-8ರಲ್ಲಿ ಉಳಿಸಿದರೆ ಎರಡನೆಯದು ತೀರುತ್ತದೆ.

ವಿಂಡೋಸ್‌ನಲ್ಲಿ ಬೇರೆ ತಂತ್ರಾಂಶ ಹಾಕಬೇಕೇ?

ಬೇಡ. ‘ಸರ್ಟ್‌ಯುಟಿಲ್’ ಕಮಾಂಡ್ ಮತ್ತು ಪವರ್‌ಶೆಲ್‌ನ ‘ಗೆಟ್-ಫೈಲ್‌ಹ್ಯಾಶ್’ ಎರಡೂ ಮೊದಲೇ ಇರುತ್ತವೆ. ಎರಡನೆಯದು ಏನೂ ಹೇಳದಿದ್ದರೆ ಎಸ್‌ಎಚ್‌ಎ-256ನ್ನೇ ಕೊಡುತ್ತದೆ. ಮೊದಲನೆಯದಕ್ಕೆ ಅಲ್ಗಾರಿದಮ್ ಹೆಸರನ್ನು ಹೇಳಿ.

ಪೈಥಾನ್‌ನಲ್ಲಿ ಸ್ವಂತ ಪ್ರೋಗ್ರಾಂ ಬರೆಯುತ್ತಿದ್ದೇನೆ. ರ‍್ಯಾಮ್ ತುಂಬಿ ನಿಲ್ಲುತ್ತದೆ.

ಇಡೀ ಕಡತವನ್ನು ಒಂದೇ ಸಲ ಓದಬೇಡಿ. 1 ಎಂಬಿಯಷ್ಟು ಓದಿ, ಹ್ಯಾಶ್‌ಗೆ ಸೇರಿಸಿ, ಮತ್ತೆ ಓದಿ. ಬಫರನ್ನು ಇನ್ನೂ ಹಿಗ್ಗಿಸಿದರೆ ಹೇಳಿಕೊಳ್ಳುವಂಥ ಲಾಭವಿಲ್ಲ. ಪೈಥಾನ್ 3.11ರಿಂದ ಇದಕ್ಕೆಂದೇ ‘ಫೈಲ್ ಡೈಜೆಸ್ಟ್’ ಎಂಬ ಫಂಕ್ಷನ್ ಹ್ಯಾಶ್‌ಲಿಬ್‌ನಲ್ಲಿದೆ.

ನ್ಯಾಯಾಲಯಕ್ಕೆ ಕೊಡುವ ಡಿಸ್ಕಾದರೆ?

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದಲ್ಲಿ ಹ್ಯಾಶನ್ನೂ ಅಲ್ಗಾರಿದಮ್ಮನ್ನೂ ನಮೂದಿಸಬೇಕು. ನಮೂನೆಯಲ್ಲಿ ಎಸ್‌ಎಚ್‌ಎ-1, ಎಸ್‌ಎಚ್‌ಎ-256, ಎಂಡಿ5 ಮತ್ತು ‘ಇತರೆ’ ಎಂಬ ಆಯ್ಕೆಗಳಿವೆ. ಎಸ್‌ಎಚ್‌ಎ-256 ಆರಿಸಿ. ಡಿಸ್ಕನ್ನು ನೀವೇ ತೆರೆಯುವ ಮೊದಲು ವಕೀಲರನ್ನು ಕೇಳಿ.

ಬಿಟಿಆರ್‌ಎಫ್‌ಎಸ್, ಜಡ್‌ಎಫ್‌ಎಸ್ ಎಂಬ ಕಡತವ್ಯವಸ್ಥೆಗಳು ತಾವೇ ಚೆಕ್‌ಸಮ್ ಇಡುತ್ತವಂತೆ. ಆಗ ಪಟ್ಟಿ ಬೇಕೇ?

ಬೇಕು. ಅವು ತಮ್ಮ ಡಿಸ್ಕಿನಲ್ಲಿರುವವರೆಗೆ ಪ್ರತಿ ಬ್ಲಾಕನ್ನೂ ಕಾಯುತ್ತವೆ. ಕಡತ ಪೆನ್‌ಡ್ರೈವ್ ಏರಿ ಮಂಗಳೂರಿಗೆ ಹೊರಟಿತೆಂದರೆ ಆ ಕಾವಲು ಅಲ್ಲಿಗೆ ಮುಗಿಯಿತು.

ಪಟ್ಟಿಯನ್ನು ಎಲ್ಲಿಡಲಿ, ಎಷ್ಟು ಸಲ ಪರಿಶೀಲಿಸಲಿ?

ಒಂದು ಪ್ರತಿ ಇಮೇಜ್ ಜೊತೆಗೆ, ಇನ್ನೊಂದು ಬೇರೆ ಡಿಸ್ಕಿನಲ್ಲಿ ಅಥವಾ ಇಮೇಲಿನಲ್ಲಿ. ಇಡೀ ಕಡತದ ಎಸ್‌ಎಚ್‌ಎ-256 ಕೇವಲ 64 ಅಕ್ಷರ. ಕಾಗದದಲ್ಲಿ ಬರೆದು ಡಿಸ್ಕಿನ ಪೆಟ್ಟಿಗೆಯೊಳಗೂ ಇಡಬಹುದು, ದಿನಾಂಕ ಮತ್ತು ಅಲ್ಗಾರಿದಮ್ ಹೆಸರಿನೊಂದಿಗೆ. ವರ್ಷಕ್ಕೆ ಎರಡು ಸಲ, ಮಳೆಗಾಲದ ಮೊದಲು ಒಮ್ಮೆ ಮತ್ತು ಮುಗಿದ ಮೇಲೆ ಒಮ್ಮೆ, ಪೂರ್ತಿ ಓದಿ ನೋಡಿ. ನಡುವೆ ಹೊತ್ತಿಲ್ಲದಿದ್ದರೆ ತುಂಡುಗಳ ಪಟ್ಟಿಯಿಂದ ವಾರಕ್ಕೆ ಇಪ್ಪತ್ತು ಭಾಗಗಳಂತೆ ಪರಿಶೀಲಿಸಿದರೂ 500 ಭಾಗಗಳ ಇಮೇಜ್ ಆರು ತಿಂಗಳಿಗೆ ಒಂದು ಸುತ್ತು ಮುಗಿಯುತ್ತದೆ.